ಟ್ರಿಗರ್‌ಗಿಂತ ಮೊದಲು ಫ್ಲ್ಯಾಶ್‌ನ ಮನೆತನ ನೋಡಿ

(ದಾವಣಗೆರೆಯಲ್ಲಿ ಫೋಟೊಗ್ರಾಫರ್ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ಕಡಿಮೆ ದುಡ್ಡಿಗೆ ಯಾವ ಟ್ರಿಗರ್ ತಗೊಳ್ಳೋದು ಸಾರ್?’ ಇದು ನನಗೆ ಪದೇ ಪದೇ ಬರುವ ಪ್ರಶ್ನೆ. ಟ್ರಿಗರ್ ಅಂದರೆ ಕ್ಯಾಮೆರಾದಿಂದ ದೂರ ಇಟ್ಟ ಫ್ಲ್ಯಾಶನ್ನು ರೇಡಿಯೊ ಮೂಲಕ ಹೊಡೆಸುವ ಪುಟ್ಟ ಪೆಟ್ಟಿಗೆ. ಕೇಳಿದವರಿಗೆ ನಾನು ತಿರುಗಿ ಎರಡು ಮಾತು ಕೇಳುತ್ತೇನೆ. ಈಗ ಯಾವ ಫ್ಲ್ಯಾಶ್ ಇದೆ? ಮುಂದೆ ಇನ್ನೆಷ್ಟು ಬೇಕಾಗಬಹುದು? ಎರಡನೆಯದಕ್ಕೆ ಬಹಳ ಜನ ಸುಮ್ಮನಾಗುತ್ತಾರೆ. ಅದನ್ನು ಯೋಚಿಸದೆ ಟ್ರಿಗರ್ ಕೊಂಡರೆ ದುಡ್ಡು ಎರಡೆರಡು ಸಲ ಹೋಗುತ್ತದೆ. ಟ್ರಿಗರ್ ಕೊಳ್ಳುವುದು ಸಂಬಂಧ ಬೆಳೆಸಿದ ಹಾಗೆ. ಹುಡುಗನನ್ನು ಮಾತ್ರ ನೋಡಿದರೆ ಸಾಲದು, ಮನೆತನ ನೋಡಬೇಕು. ಒಂದು ಕಂಪನಿಯ ರೇಡಿಯೊ ಒಪ್ಪಿಕೊಂಡಿರೋ, ಮುಂದಿನ ಫ್ಲ್ಯಾಶ್, ಅದರ ಮುಂದಿನ ಫ್ಲ್ಯಾಶ್ ಎಲ್ಲ ಆ ಮನೆಯಿಂದಲೇ ಬರಬೇಕು.

ಫ್ಲ್ಯಾಶನ್ನು ಕ್ಯಾಮೆರಾದಿಂದ ಯಾಕೆ ಇಳಿಸಬೇಕು ಅನ್ನೋದನ್ನ ನಿಮಗೆ ಹೇಳಬೇಕಾಗಿಲ್ಲ. ತಲೆ ಮೇಲಿಂದ ನೇರ ಹೊಡೆದರೆ ಮುಖ ಚಪ್ಪಟೆ, ಹಣೆ ಮಿಣಮಿಣ, ಹಿಂದಿನ ಗೋಡೆಗೆ ಗಟ್ಟಿ ನೆರಳು. ಅದೇ ಫ್ಲ್ಯಾಶನ್ನು ಪಕ್ಕದಲ್ಲಿ ಸ್ವಲ್ಪ ಎತ್ತರಕ್ಕೆ ಸ್ಟ್ಯಾಂಡಿಗೆ ಏರಿಸಿ ಬೆಳಕನ್ನು ಮೆತ್ತಗೆ ಹರಡುವ ಅಂಬ್ರೆಲಾ ಹಾಕಿದರೆ ಮೂಗಿಗೆ ಮೂಗು, ಗಲ್ಲಕ್ಕೆ ಗಲ್ಲ ಬರುತ್ತದೆ. ಸೀರೆಯ ಜರಿ ಎದ್ದು ಕಾಣುತ್ತದೆ. ಇಷ್ಟಕ್ಕೆ ಬೇಕಾಗಿರೋದು, ಕ್ಯಾಮೆರಾ ‘ಹೊಡಿ’ ಅಂದದ್ದು ದೂರದ ಫ್ಲ್ಯಾಶ್‌ಗೆ ಕೇಳಿಸಬೇಕು. ಅಷ್ಟೇ.

ದೊಡ್ಡ ಕಂಪನಿಗಳು ಇದನ್ನು ಬಹಳ ಕಾಲ ಬೆಳಕಿನಲ್ಲೇ ಮಾಡಿದವು. ಕ್ಯಾನನ್ 1998ರಲ್ಲಿ 550ಇಎಕ್ಸ್ ತಂದಾಗಲೂ, ನಿಕಾನ್ 2003ರಲ್ಲಿ ಎಸ್‌ಬಿ-800 ತಂದಾಗಲೂ ಒಂದು ಫ್ಲ್ಯಾಶ್ ಇನ್ನೊಂದಕ್ಕೆ ಮಿನುಗಿ ಸೂಚನೆ ಕೊಡುತ್ತಿತ್ತು. ಎದುರಿಗೆ ಕಂಡರೆ ಸರಿ. ಕಂಬದ ಹಿಂದಿಟ್ಟರೆ, ಬಿಸಿಲಿಗೆ ತಂದರೆ ಕಥೆ ಮುಗಿಯಿತು. ಫ್ಲ್ಯಾಶ್ ಒಳಗೇ ರೇಡಿಯೊ ಇಡಲು ಕ್ಯಾನನ್ 2012ರ ತನಕ ಕಾಯಿತು, 600ಇಎಕ್ಸ್-ಆರ್‌ಟಿ ಬರುವ ತನಕ. ನಿಕಾನ್ 2016ರಲ್ಲಿ ಎಸ್‌ಬಿ-5000 ತಂದಿತು. ಅಲ್ಲಿಯವರೆಗೆ ರೇಡಿಯೊ ಬೇಕು ಅಂದರೆ ಅಮೆರಿಕದ ಪಾಕೆಟ್‌ವಿಝರ್ಡ್ ತರಿಸಬೇಕಿತ್ತು, ನಮ್ಮಂಥ ಊರಿನ ಸ್ಟುಡಿಯೊಗಳಿಗೆ ಅದು ಕೈಗೆಟುಕದ ಮಾತು. ಆ ಸಂದಿಯಲ್ಲಿ ಚೀನಾದ ಯಾಂಗ್‌ನುವೊ, ಗೊಡಾಕ್ಸ್ ನುಗ್ಗಿದವು. ಇವತ್ತು ನಾವು ಬಜೆಟ್ ಟ್ರಿಗರ್ ಅಂತ ಮಾತಾಡೋದು ಹೆಚ್ಚಾಗಿ ಇವೆರಡರ ಬಗ್ಗೆಯೇ.

ಈಗ ಕ್ಯಾಮೆರಾದ ಹಾಟ್ ಶೂ, ಅಂದರೆ ತಲೆ ಮೇಲೆ ಫ್ಲ್ಯಾಶ್ ಸಿಕ್ಕಿಸುವ ಜಾಗ, ನೋಡಿ. ನಿಮ್ಮ ನಿಮ್ಮ ಕ್ಯಾಮೆರಾ ಕೈಗೆ ತಗೊಳ್ಳಿ, ಪರವಾಗಿಲ್ಲ. ನಡುವೆ ಒಂದು ದೊಡ್ಡ ದುಂಡನೆಯ ಚುಕ್ಕಿ ಇದೆ ಅಲ್ವಾ? ಅದೇ ಸೆಂಟರ್ ಪಿನ್ ಮುಟ್ಟುವ ಜಾಗ. ಶಟರ್ ಪೂರ್ತಿ ತೆರೆದಾಗ ಆ ಚುಕ್ಕಿಗೂ ಪಕ್ಕದ ಲೋಹದ ಹಳಿಗೂ ಸರ್ಕ್ಯೂಟ್ ಕೂಡುತ್ತದೆ, ಫ್ಲ್ಯಾಶ್ ಹೊಡೆಯುತ್ತದೆ. ಸುತ್ತ ಇರುವ ಸಣ್ಣ ಚುಕ್ಕಿಗಳು ಆಯಾ ಕಂಪನಿಯ ಸ್ವಂತ ಭಾಷೆಗೆ. ಟಿಟಿಎಲ್ (ಕ್ಯಾಮೆರಾವೇ ಬೆಳಕು ಅಳೆದು ಫ್ಲ್ಯಾಶ್ ಪವರ್ ಹೊಂದಿಸೋದು), ಹೈಸ್ಪೀಡ್ ಸಿಂಕ್ (ಬಹಳ ವೇಗದ ಶಟರ್‌ನಲ್ಲೂ ಫ್ಲ್ಯಾಶ್ ಹೊಡೆಸೋದು) ಎಲ್ಲ ಅಲ್ಲಿ ಹರಿದಾಡುತ್ತವೆ. ನಡುವಿನ ಚುಕ್ಕಿ ಮಾತ್ರ ಎಲ್ಲರಿಗೂ ಸಾಮಾನ್ಯ. ಹಾಗಾಗಿಯೇ ಆ ಒಂದು ಚುಕ್ಕಿಯನ್ನು ಮಾತ್ರ ಬಳಸುವ ಅಗ್ಗದ ಸಿಂಗಲ್ ಪಿನ್ ಟ್ರಿಗರ್ ಕ್ಯಾನನ್‌ಗೂ ಆಗುತ್ತೆ, ನಿಕಾನ್‌ಗೂ ಆಗುತ್ತೆ.

ಆದರೆ ಎಲ್ಲ ಕ್ಯಾಮೆರಾಕ್ಕೂ ಅಲ್ಲ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಹೊಸಬರ ಕೈಯಲ್ಲಿ ಜಾಸ್ತಿ ಕಾಣುವ ಕ್ಯಾಮೆರಾಗಳಲ್ಲಿ ಒಂದು ಕ್ಯಾನನ್ 1500ಡಿ. ಅದರಲ್ಲೂ, 3000ಡಿಯಲ್ಲೂ, 200ಡಿ ಮಾರ್ಕ್ 2ರಲ್ಲೂ ಆ ನಡುವಿನ ಚುಕ್ಕಿಯನ್ನೇ ಕ್ಯಾನನ್ ತೆಗೆದುಬಿಟ್ಟಿದೆ. ಸಿಂಗಲ್ ಪಿನ್ ಟ್ರಿಗರ್ ಅದರ ಮೇಲೆ ಸರಾಗ ಕೂರುತ್ತದೆ, ಹಸಿರು ದೀಪವೂ ಉರಿಯುತ್ತದೆ, ಟೆಸ್ಟ್ ಬಟನ್ ಒತ್ತಿದರೆ ಫ್ಲ್ಯಾಶೂ ಹೊಡೆಯುತ್ತದೆ. ಶಟರ್ ಒತ್ತಿದರೆ ಮಾತ್ರ ಏನೂ ಇಲ್ಲ. ಹುಡುಗರು ಟ್ರಿಗರ್ ಕೆಟ್ಟಿದೆ ಅಂತ ಅಂಗಡಿಗೆ ಹೋಗಿ ಜಗಳ ಆಡುತ್ತಾರೆ. ಅಂಗಡಿಯವನು ತನ್ನ ಕ್ಯಾಮೆರಾಕ್ಕೆ ಹಾಕಿ ತೋರಿಸುತ್ತಾನೆ, ಅಲ್ಲಿ ಚೆನ್ನಾಗಿ ಹೊಡೆಯುತ್ತದೆ! ಇಬ್ಬರದೂ ತಪ್ಪಿಲ್ಲ. ಇಂಥ ಕ್ಯಾಮೆರಾಕ್ಕೆ ಕ್ಯಾನನ್ ಭಾಷೆ ಬಲ್ಲ ಟಿಟಿಎಲ್ ಟ್ರಿಗರ್ ಬೇಕು. ಅದರಲ್ಲೂ ‘ಸೆಂಟರ್ ಪಿನ್ ಇಲ್ಲದ ಬಾಡಿಗೂ ಆಗುತ್ತೆ’ ಅಂತ ತಯಾರಕರೇ ಹೇಳಿರಬೇಕು. ಯಾವ ಕ್ಯಾಮೆರಾ ಆದರೂ ಸರಿ, ಟ್ರಿಗರ್ ಆರ್ಡರ್ ಮಾಡುವ ಮುಂಚೆ ಶೂ ಒಳಗೆ ಒಂದು ಸಲ ಕಣ್ಣು ಹಾಯಿಸಿ.

ಇನ್ನು ಬಗೆಗಳಿಗೆ ಬರೋಣ. ಮೊದಲನೆಯದು ಬರೀ ‘ಹೊಡಿ’ ಅನ್ನೋದಷ್ಟೇ ಗೊತ್ತಿರುವ ಟ್ರಿಗರ್. ಗೊಡಾಕ್ಸ್ ಸಿಟಿ-16, ಯಾಂಗ್‌ನುವೊ ಆರ್‌ಎಫ್-603 ಈ ಜಾತಿ. ಅಗ್ಗ, ಸರಳ. ಕ್ಯಾಮೆರಾ ಮೇಲೊಂದು, ಫ್ಲ್ಯಾಶ್ ಕೆಳಗೊಂದು. ಪವರ್ ಹೆಚ್ಚು ಕಡಿಮೆ ಮಾಡಬೇಕು ಅಂದರೆ ಫ್ಲ್ಯಾಶ್ ಹತ್ತಿರ ನಡೆದು ಹೋಗಬೇಕು. ಮನೆಯಲ್ಲಿ ಸಾಮಾನಿನ ಫೋಟೊ ತೆಗೆಯೋರಿಗೆ, ಪಾಸ್‌ಪೋರ್ಟ್ ಫೋಟೊ ಸ್ಟುಡಿಯೊಗೆ ಇದು ಧಾರಾಳ ಸಾಕು. ಅಲ್ಲಿ ಲೈಟು ಜಾಗ ಬಿಟ್ಟು ಕದಲೋದೇ ಇಲ್ಲ.

ಮದುವೆ ಮನೆಯಲ್ಲಿ ಇದು ಸಾಲದು. ಸ್ಟೇಜಿನ ಎರಡು ಮೂಲೆಯಲ್ಲಿ ಎರಡು ಫ್ಲ್ಯಾಶ್ ನಿಲ್ಲಿಸಿದ್ದೀರಿ. ಗುಂಪು ದೊಡ್ಡದಾಯಿತು, ಒಂದು ಸ್ಟಾಪ್ ಏರಿಸಬೇಕು, ಅಂದರೆ ಬೆಳಕು ಎರಡರಷ್ಟು ಆಗಬೇಕು. ನೀವು ಸ್ಟೇಜ್ ಹತ್ತಿ, ಉಡುಗೊರೆ ಕೊಡೋರ ಸಾಲನ್ನು ಸೀಳಿಕೊಂಡು ಹೋಗಿ, ಎಂಟಡಿ ಎತ್ತರದ ಫ್ಲ್ಯಾಶ್ ಕೆಳಗಿಳಿಸಿ ಬಟನ್ ಒತ್ತಿ ಬರುವಷ್ಟರಲ್ಲಿ ಆ ಗುಂಪು ಊಟದ ಪಂಕ್ತಿಯಲ್ಲಿ ಕೂತಿರುತ್ತದೆ. ಹಾಗಾಗಿ ಎರಡನೇ ಬಗೆ: ಕ್ಯಾಮೆರಾ ಮೇಲಿಂದಲೇ ಪವರ್ ಬದಲಿಸುವ ಟ್ರಿಗರ್, ಒಳಗೇ ರಿಸೀವರ್ (ಟ್ರಿಗರ್ ಮಾತು ಕೇಳಿಸಿಕೊಳ್ಳುವ ಭಾಗ) ಇರುವ ಫ್ಲ್ಯಾಶ್. ಎಡಗಡೆಯದು ಎ ಗ್ರೂಪ್, ಬಲಗಡೆಯದು ಬಿ ಗ್ರೂಪ್. ಬೆರಳಲ್ಲಿ ಚಕ್ರ ತಿರುಗಿಸಿದರೆ ಆಯಿತು. ಯಾಂಗ್‌ನುವೊದಲ್ಲಿ ವೈಎನ್-560 ಟಿಎಕ್ಸ್ ಜೊತೆಗೆ 560-3 ಅಥವಾ 560-4. ಗೊಡಾಕ್ಸ್‌ನಲ್ಲಿ ಎಕ್ಸ್2ಟಿ ಅಥವಾ ಎಕ್ಸ್‌ಪ್ರೊ ಜೊತೆಗೆ ಟಿಟಿ600.

ದುಡ್ಡು ಉಳಿಯೋದು ಎಲ್ಲಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ಟಿಟಿ600ಕ್ಕೆ ಟಿಟಿಎಲ್ ಇಲ್ಲ, ಬರೀ ಮ್ಯಾನುಯಲ್. ಆದರೆ ಗೊಡಾಕ್ಸ್ ಟ್ರಿಗರ್ ಜೊತೆ ಸ್ಟ್ಯಾಂಡ್ ಮೇಲೆ ಇಟ್ಟಾಗ ಹೈಸ್ಪೀಡ್ ಸಿಂಕ್ ಮಾಡುತ್ತದೆ. ಟಿಟಿಎಲ್ ಇರುವ ಟಿಟಿ685ಕ್ಕಿಂತ ಅಗ್ಗ. ಸ್ಟ್ಯಾಂಡ್ ಮೇಲೆ ನಿಂತ ಫ್ಲ್ಯಾಶ್‌ಗೆ ಟಿಟಿಎಲ್ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ವಧು-ವರ ನಿಂತ ಜಾಗ ಬದಲಾಗಲ್ಲ, ಫ್ಲ್ಯಾಶ್ ಜಾಗ ಬದಲಾಗಲ್ಲ. ಒಂದು ಸಲ ಪವರ್ ಹೊಂದಿಸಿದರೆ ಇಡೀ ಸಂಜೆ ಒಂದೇ ಬೆಳಕು. ಟಿಟಿಎಲ್ ಇಟ್ಟರೆ ಬಿಳಿ ಪಂಚೆಯವರು ಬಂದಾಗ ಒಂದು ಥರ, ಕಪ್ಪು ಕೋಟಿನವರು ಬಂದಾಗ ಇನ್ನೊಂದು ಥರ. ಟಿಟಿಎಲ್ ಬೇಕಾಗುವುದು ಮೆರವಣಿಗೆಯಲ್ಲಿ, ನೀವೂ ಓಡುತ್ತಾ ಅವರೂ ಕುಣಿಯುತ್ತಾ ಇರುವಾಗ. ಆಗ ಫ್ಲ್ಯಾಶ್ ಕ್ಯಾಮೆರಾ ತಲೆ ಮೇಲಿರುತ್ತದೆ. ಅಂದರೆ ಒಂದು ಟಿಟಿಎಲ್ ಫ್ಲ್ಯಾಶ್ ಸಾಕು, ಉಳಿದವು ಮ್ಯಾನುಯಲ್ ಇರಲಿ.

ಇನ್ನೊಂದು ಲೆಕ್ಕ. ಗೊಡಾಕ್ಸ್ ಟ್ರಿಗರ್ ಹೆಸರಿನ ಕೊನೆಗೆ ಸಿ, ಎನ್, ಎಸ್, ಎಫ್, ಒ ಅಂತ ಒಂದು ಅಕ್ಷರ ಇರುತ್ತದೆ. ಕ್ಯಾನನ್, ನಿಕಾನ್, ಸೋನಿ, ಫ್ಯೂಜಿ, ಒಲಿಂಪಸ್-ಪ್ಯಾನಸೋನಿಕ್. ಕ್ಯಾಮೆರಾಕ್ಕೆ ಸರಿಯಾದ ಅಕ್ಷರದ್ದು ತಗೊಳ್ಳಲೇಬೇಕು. ಆದರೆ ದೂರದಲ್ಲಿ ರೇಡಿಯೊ ಕೇಳುತ್ತಾ ನಿಂತ ಎಕ್ಸ್ ಸರಣಿಯ (ಟಿಟಿ600, ಟಿಟಿ685 ಥರದ) ಫ್ಲ್ಯಾಶ್‌ಗೆ ಯಾವ ಅಕ್ಷರದ ಟ್ರಿಗರ್ ಆದರೂ ನಡೆಯುತ್ತದೆ. ನಾಳೆ ನಿಕಾನ್ ಮಾರಿ ಸೋನಿ ತಗೊಂಡರೆ ಟ್ರಿಗರ್ ಒಂದು ಬದಲಿಸಿದರೆ ಸಾಕು, ಸ್ಟ್ಯಾಂಡ್ ಮೇಲಿನ ಫ್ಲ್ಯಾಶ್‌ಗಳೆಲ್ಲ ಹಾಗೇ ಉಳಿಯುತ್ತವೆ. ಮನೆತನ ನೋಡಿ ಅಂದಿದ್ದು ಇದಕ್ಕೇ.

ಒಂದೇ ಮನೆಯೊಳಗೂ ಮಾತು ಬಿಟ್ಟವರಿದ್ದಾರೆ, ಹುಷಾರು. ಯಾಂಗ್‌ನುವೊದ ಹಳೆ 603ಕ್ಕೂ ಟಿಟಿಎಲ್ ಬಲ್ಲ 622 ಟ್ರಿಗರ್‌ಗೂ ಆಗಿಬರಲ್ಲ. ಗೊಡಾಕ್ಸ್‌ನ ಹಳೆ ಎಫ್‌ಟಿ-16, ಸಿಟಿ-16 ಕೆಲಸ ಮಾಡೋದು 433 ಮೆಗಾಹರ್ಟ್ಸ್‌ನಲ್ಲಿ, ಈಗಿನ ಎಕ್ಸ್ ಸರಣಿ 2.4 ಗಿಗಾಹರ್ಟ್ಸ್‌ನಲ್ಲಿ. ಒಂದೇ ಬ್ರಾಂಡ್, ಒಂದೇ ಬಣ್ಣದ ಡಬ್ಬ, ಆದರೂ ಒಂದರ ಮಾತು ಇನ್ನೊಂದಕ್ಕೆ ಕೇಳಿಸಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗೋದು ಹೆಚ್ಚಾಗಿ ಇಂಥ ಹಳೆ ಮಾಲೇ.

ಅಂಗಡಿಯವರು ಹೇಳುವ ರೇಂಜ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಡಬ್ಬದ ಮೇಲೆ 100 ಮೀಟರ್ ಅಂತ ಇರುತ್ತದೆ, ಅದು ಬಯಲಿನ ಲೆಕ್ಕ. ನಮಗೆ ಬೇಕಾಗೋದು ಹತ್ತು ಹದಿನೈದು ಮೀಟರ್. ಆ ಹತ್ತು ಮೀಟರಲ್ಲಿ ಏನೇನಿದೆ ಅನ್ನೋದು ಮುಖ್ಯ. 2.4 ಗಿಗಾಹರ್ಟ್ಸ್‌ನ ಅಲೆಯನ್ನು ನೀರು ಹೀರುತ್ತದೆ, ಮನುಷ್ಯನ ಮೈಯಲ್ಲಿ ತುಂಬಿರೋದೂ ನೀರೇ. ಧಾರೆ ಹೊತ್ತಿಗೆ ಮಂಟಪದ ಸುತ್ತ ನೆಂಟರು ಗೋಡೆ ಕಟ್ಟಿದಂತೆ ನಿಂತಾಗ ಫ್ಲ್ಯಾಶ್ ಕೈ ಕೊಡೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಪರಿಹಾರಕ್ಕೆ ಖರ್ಚೇ ಇಲ್ಲ. ಸ್ಟ್ಯಾಂಡನ್ನು ಜನರ ತಲೆಗಿಂತ ಎತ್ತರಕ್ಕೆ ಏರಿಸಿ. ಬೆಳಕೂ ಚೆನ್ನಾಗಿ ಬೀಳುತ್ತೆ, ರೇಡಿಯೊಗೂ ದಾರಿ ಸಿಗುತ್ತೆ.

ಛತ್ರದ ವೈಫೈ, ಜನರ ಬ್ಲೂಟೂತ್ ಎಲ್ಲ ಅದೇ 2.4ರಲ್ಲಿ ಓಡಾಡುತ್ತವೆ. ಅದಕ್ಕೆ ಚಾನೆಲ್ ಬದಲಿಸಿ ನೋಡಬೇಕು. ಗೊಡಾಕ್ಸ್ ಎಕ್ಸ್ ಸರಣಿಯಲ್ಲಿ 32 ಚಾನೆಲ್ ಇವೆ. ಹೊಸ ಮಾದರಿಗಳಲ್ಲಿ ಐಡಿ ಅಂತ ಇನ್ನೊಂದು ಸೆಟ್ಟಿಂಗ್ ಇದೆ, 01ರಿಂದ 99ರ ತನಕ. ಹೆಣ್ಣಿನ ಕಡೆ ಒಬ್ಬ ಫೋಟೊಗ್ರಾಫರ್, ಗಂಡಿನ ಕಡೆ ಒಬ್ಬ, ಇಬ್ಬರದೂ ಗೊಡಾಕ್ಸ್, ಇಬ್ಬರದೂ ಚಾನೆಲ್ 1. ಅವನು ಕ್ಲಿಕ್ ಮಾಡಿದಾಗಲೆಲ್ಲ ನಿಮ್ಮ ಫ್ಲ್ಯಾಶ್ ಹೊಡೆಯುತ್ತೆ, ನಿಮ್ಮ ಸೆಲ್ ಖಾಲಿಯಾಗುತ್ತೆ. ಬೆಳಗ್ಗೆ ಹೋದ ತಕ್ಷಣ ಅವನ ಜೊತೆ ಒಂದು ಕಾಫಿ ಕುಡಿದು ಚಾನೆಲ್ ಹಂಚಿಕೊಳ್ಳಿ.

ಟ್ರಿಗರ್ ಫ್ಲ್ಯಾಶ್‌ಗೆ ತೀರಾ ಹತ್ತಿರ ಇದ್ದರೂ ಕೆಲವು ಸಲ ಹೊಡೆಯಲ್ಲ. ಸಿಗ್ನಲ್ ಜೋರಾಗಿ ರಿಸೀವರ್ ಗಲಿಬಿಲಿ ಆಗುತ್ತೆ. ಎಕ್ಸ್‌ಪ್ರೊ ಮೆನುವಿನಲ್ಲಿ ಇದಕ್ಕೆಂದೇ 0ರಿಂದ 30 ಮೀಟರ್ ಅನ್ನೋ ಆಯ್ಕೆ ಇದೆ. ಟೇಬಲ್ ಮೇಲೆ ಒಡವೆ ಫೋಟೊ ತೆಗೆಯೋರು ಅದನ್ನೇ ಇಟ್ಟುಕೊಳ್ಳಿ.

ಸಿಂಕ್ ವೇಗವನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಶಟರಿಗೆ ಎರಡು ಪರದೆ. ಮೊದಲನೆಯದು ಪೂರ್ತಿ ತೆರೆದು ಎರಡನೆಯದು ಹೊರಡುವ ಮುಂಚೆ ಫ್ಲ್ಯಾಶ್ ಹೊಡೆದು ಮುಗಿಯಬೇಕು. ಅದಕ್ಕೆ ಇರುವ ಗರಿಷ್ಠ ವೇಗ 1500ಡಿಯಲ್ಲಿ 1/200 ಸೆಕೆಂಡ್, ನಿಕಾನ್ ಡಿ7500ರಲ್ಲಿ 1/250, ಸೋನಿ ಎ7ಸಿಯಲ್ಲಿ ಬರೀ 1/160. ಅಗ್ಗದ ಟ್ರಿಗರ್ ತನ್ನದೂ ಒಂದಿಷ್ಟು ತಡ ಸೇರಿಸುತ್ತದೆ. ಕತ್ತಲೆ ಕೋಣೆಯಲ್ಲಿ ಬಿಳಿ ಗೋಡೆಗೆ ಫ್ಲ್ಯಾಶ್ ತಿರುಗಿಸಿ 1/125ರಿಂದ ಶುರು ಮಾಡಿ 1/160, 1/200, 1/250 ಅಂತ ಒಂದೊಂದು ಫೋಟೊ ತೆಗೆಯಿರಿ. ಫ್ರೇಮಿನ ಒಂದು ಅಂಚಿಗೆ ಕಪ್ಪು ಪಟ್ಟಿ ಕಾಣಿಸಿತೋ, ಅದಕ್ಕಿಂತ ಹಿಂದಿನದೇ ನಿಮ್ಮ ನಿಜವಾದ ಸಿಂಕ್ ವೇಗ. ಲಂಬ ಫ್ರೇಮಿನಲ್ಲಿ ಅದೇ ಪಟ್ಟಿ ಪಕ್ಕಕ್ಕೆ ಬರುತ್ತೆ. ಪರದೆಯ ಕಪ್ಪು ಬಟ್ಟೆ ಅಂದುಕೊಂಡು ಆಲ್ಬಮ್ ತನಕ ಹೋದ ಫೋಟೊಗಳೂ ಉಂಟು.

ಹೈಸ್ಪೀಡ್ ಸಿಂಕ್ ಇದ್ದರೆ ಈ ತೊಂದರೆ ಇಲ್ಲ, ಆದರೆ ಪುಕ್ಕಟೆ ಅಲ್ಲ. ಫ್ಲ್ಯಾಶ್ ಒಂದೇ ಏಟಿನ ಬದಲು ಪುಟ್ಟ ಪುಟ್ಟ ಮಿನುಗಾಗಿ ಹೊಡೆಯುತ್ತೆ, ಎರಡು ಸ್ಟಾಪ್‌ಗೂ ಜಾಸ್ತಿ ಬೆಳಕು ಹೋಗುತ್ತೆ. ಮಟಮಟ ಮಧ್ಯಾಹ್ನ ಚಿತ್ರದುರ್ಗದ ಕೋಟೆ ಮೇಲೆ ಪ್ರೀ-ವೆಡ್ಡಿಂಗ್ ಶೂಟ್‌ಗೆ ಒಂದೇ ಸ್ಪೀಡ್‌ಲೈಟ್ (ನಮ್ಮ ಇಂಥ ಪುಟ್ಟ ಫ್ಲ್ಯಾಶ್), ಅದಕ್ಕೊಂದು ದೊಡ್ಡ ಸಾಫ್ಟ್‌ಬಾಕ್ಸ್, ಮೇಲೆ ಹೈಸ್ಪೀಡ್ ಸಿಂಕ್ ಅಂದರೆ ಮುಖಕ್ಕೆ ಬೆಳಕು ತಲುಪಲ್ಲ. ನೆರಳಿಗೆ ಹೋಗಿ, ಇಲ್ಲಾ ಸಂಜೆ ತನಕ ಕಾಯಿರಿ, ಇಲ್ಲಾ ಲೆನ್ಸ್‌ಗೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಹಾಕಿ ಮಾಮೂಲಿ ಸಿಂಕ್ ವೇಗದಲ್ಲೇ ತೆಗೆಯಿರಿ.

ಫ್ಲ್ಯಾಶ್ ಹೊಡೆಯಲಿಲ್ಲ ಅಂದ ಕೂಡಲೇ ಟ್ರಿಗರ್‌ಗೆ ಬೈಯಬೇಡಿ. ಎಷ್ಟೋ ಸಲ ಫ್ಲ್ಯಾಶ್ ಇನ್ನೂ ಚಾರ್ಜ್ ಆಗಿರಲ್ಲ. ಫುಲ್ ಪವರ್‌ನಲ್ಲಿ ಒಳ್ಳೆ ಸೆಲ್ ಇದ್ದರೂ ಎರಡು ಮೂರು ಸೆಕೆಂಡು ಬೇಕು, ಸೆಲ್ ಸೊರಗಿದ್ದರೆ ಇನ್ನೂ ಜಾಸ್ತಿ. ಇಲ್ಲಾ ಫ್ಲ್ಯಾಶ್ ತಾನಾಗಿ ನಿದ್ದೆ ಹೋಗಿರುತ್ತೆ, ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಆಫ್ ಮಾಡಿ. ಇನ್ನೊಂದು ಕಾರಣ ಕಣ್ಣಿಗೇ ಬೀಳಲ್ಲ. ಅಂಬ್ರೆಲಾ ಬ್ರಾಕೆಟ್ ಮೇಲೆ ಫ್ಲ್ಯಾಶ್ ಕೂರಿಸುವ ಶೂ ಲೋಹದ್ದಾಗಿದ್ದರೆ, ಫ್ಲ್ಯಾಶ್ ಕಾಲಿನ ಪಿನ್ ಅದಕ್ಕೆ ತಗುಲಿ ಶಾರ್ಟ್ ಆಗುತ್ತದೆ. ಎಲೆಕ್ಟ್ರಿಷಿಯನ್ ಹತ್ತಿರ ಸಿಗುವ ಕಪ್ಪು ಟೇಪಿನ ಒಂದು ತುಂಡು ಶೂ ಒಳಗೆ ಅಂಟಿಸಿ, ಸರಿಹೋಗುತ್ತೆ.

ಸೆಲ್ ವಿಷಯ. ಆರ್‌ಎಫ್-603 ತೆಗೆದುಕೊಳ್ಳೋದು ಸಣ್ಣ ಎಎಎ ಸೆಲ್. ಎಕ್ಸ್2ಟಿ, ಎಕ್ಸ್‌ಪ್ರೊ, 622 ಎಲ್ಲ ಎಎ. ಫ್ಲ್ಯಾಶ್‌ಗೂ ಎಎ, ಟ್ರಿಗರ್‌ಗೂ ಎಎ ಆದರೆ ಒಂದೇ ಚಾರ್ಜರ್, ಒಂದೇ ಡಬ್ಬಿ. ಮುಹೂರ್ತದ ಹೊತ್ತಿಗೆ ಬ್ಯಾಗ್ ತಡಕಾಡೋದು ತಪ್ಪುತ್ತೆ.

ನಿಮ್ಮಲ್ಲಿ ಹಿರಿಯರು ಕೆಲವರ ಹತ್ತಿರ ರೀಲ್ ಕಾಲದ ಫ್ಲ್ಯಾಶ್ ಇರಬಹುದು. ಅದನ್ನು ಹೊಸ ಕ್ಯಾಮೆರಾಕ್ಕೆ ನೇರ ಸಿಕ್ಕಿಸಬೇಡಿ. ವಿವಿಟಾರ್ 283ರ ಹಳೆ ಮಾದರಿಗಳಲ್ಲಿ ಪಿನ್ ಮೇಲೆ 200 ವೋಲ್ಟ್‌ಗೂ ಜಾಸ್ತಿ ಇರುತ್ತಿತ್ತು. ಅಂತರರಾಷ್ಟ್ರೀಯ ಐಎಸ್‌ಒ ಮಾನಕದ ಲೆಕ್ಕದಲ್ಲಿ ಕ್ಯಾಮೆರಾ ತಡೆಯಬೇಕಾದ್ದು 24 ವೋಲ್ಟ್ ತನಕ. ಫ್ಲ್ಯಾಶ್ ಪೂರ್ತಿ ಚಾರ್ಜ್ ಮಾಡಿ, ಮಲ್ಟಿಮೀಟರನ್ನು ಡಿಸಿಗೆ ಇಟ್ಟು, ಒಂದು ಮುಳ್ಳು ನಡುವಿನ ಪಿನ್‌ಗೆ, ಇನ್ನೊಂದು ಪಕ್ಕದ ಲೋಹಕ್ಕೆ ಮುಟ್ಟಿಸಿ ನೋಡಿ. ಕೈ ತಾಗಿಸಬೇಡಿ. ಜಾಸ್ತಿ ಬಂದರೆ ರಿಸೀವರ್ ಡಬ್ಬದ ಮೇಲೆ ಅದು ಎಷ್ಟು ವೋಲ್ಟ್ ತಡೆಯುತ್ತೆ ಅಂತ ಓದಿ, ರೇಡಿಯೊ ಮೂಲಕವೇ ಬಳಸಿ.

ಹಾಗಾದರೆ ನಾನು ಏನು ಕೊಳ್ಳಿ ಅನ್ನುತ್ತೇನೆ? ಕೈಯಲ್ಲಿ ಏನೂ ಇಲ್ಲದವರು ಗೊಡಾಕ್ಸ್ ಎಕ್ಸ್2ಟಿ ಮತ್ತು ಒಂದು ಟಿಟಿ600ರಿಂದ ಶುರು ಮಾಡಿ. ಸೋನಿಯವರು ಟಿಟಿ600ಎಸ್. ಈಗಾಗಲೇ ಎರಡು ಮೂರು ಯಾಂಗ್‌ನುವೊ 560-3 ಅಥವಾ 4 ಇರುವವರು ಮಾರಿ ಬದಲಿಸುವ ಗೋಜಿಗೆ ಹೋಗಬೇಡಿ, 560 ಟಿಎಕ್ಸ್ ಒಂದು ಸೇರಿಸಿದರೆ ಮುಗಿಯಿತು. ಕ್ಯಾನನ್, ನಿಕಾನ್ ಹಳೆ ಫ್ಲ್ಯಾಶ್ ಮಾತ್ರ ಇರುವವರು ಅಗ್ಗದ ರಿಸೀವರ್ ಹಾಕಿ ಮ್ಯಾನುಯಲ್‌ನಲ್ಲಿ ಬಳಸಿ. ಇದಕ್ಕಿಂತ ಅಗ್ಗಕ್ಕೆ, ಹೆಸರೇ ಕೇಳದ ಬ್ರಾಂಡ್ ಸಿಗುತ್ತೆ. ಆದರೆ ನಾಲ್ಕು ವರ್ಷ ಬಿಟ್ಟು ಅದಕ್ಕೆ ಹೊಂದುವ ಇನ್ನೊಂದು ರಿಸೀವರ್ ಸಿಗುತ್ತಾ? ಅಷ್ಟು ಕೇಳಿಕೊಂಡು ಕೊಳ್ಳಿ.

ಇನ್ನು ಪ್ರಶ್ನೆಗಳು.

*ಮಿರರ್‌ಲೆಸ್ ತಗೊಂಡೆ. ಟ್ರಿಗರ್ ಹಾಕಿ ಸೆಟ್ಟಿಂಗ್ ಮಾಡಿದರೆ ವ್ಯೂಫೈಂಡರ್ ಪೂರ್ತಿ ಕತ್ತಲೆ. ಏನು ಮಾಡೋದು?*

ಕ್ಯಾಮೆರಾ ನಿಮ್ಮ ಎಕ್ಸ್‌ಪೋಶರ್ ಹೇಗಿದೆಯೋ ಹಾಗೇ ತೋರಿಸುತ್ತಿದೆ. ಸಿಂಗಲ್ ಪಿನ್ ಟ್ರಿಗರ್ ಕೂತಿರೋದು ಅದಕ್ಕೆ ಗೊತ್ತೇ ಆಗಲ್ಲ. ಸೋನಿಯಲ್ಲಿ ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿ, ಕ್ಯಾನನ್‌ನಲ್ಲಿ ಎಕ್ಸ್‌ಪೋಶರ್ ಸಿಮ್ಯುಲೇಶನ್ ಆಫ್ ಮಾಡಿ. ಜೊತೆಗೆ ಸೈಲೆಂಟ್ ಶಟರ್ ಆಫ್ ಇದೆಯಾ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹೆಚ್ಚಿನ ಕ್ಯಾಮೆರಾಗಳು ಫ್ಲ್ಯಾಶ್ ಹೊಡೆಸೋದೇ ಇಲ್ಲ.

*ಸೆಕೆಂಡ್ ಹ್ಯಾಂಡ್ ಟ್ರಿಗರ್ ತಗೊಳ್ಳಬಹುದಾ ಅಣ್ಣ?*

ತಗೊಳ್ಳಬಹುದು. ಕಾಲು ಅಲ್ಲಾಡುತ್ತಾ, ಲಾಕ್ ಗಟ್ಟಿ ಇದೆಯಾ, ಸೆಲ್ ಹಾಕುವ ಜಾಗದಲ್ಲಿ ಹಸಿರು ಕಿಲುಬು ಹಿಡಿದಿದೆಯಾ ನೋಡಿ. ನಿಮ್ಮ ಕ್ಯಾಮೆರಾಕ್ಕೇ ಹಾಕಿ. ಫ್ಲ್ಯಾಶ್ 1/64ಕ್ಕೆ ಇಟ್ಟು ಒಂದೇ ಸಮ ಐವತ್ತು ಕ್ಲಿಕ್ ಹೊಡೆಯಿರಿ. ಸ್ವಲ್ಪ ದೂರದಿಂದ, ಗೋಡೆ ಮರೆಯಿಂದ, ನಡುವೆ ಮಾರುವವನನ್ನೇ ನಿಲ್ಲಿಸಿ. ಅಷ್ಟು ಕಡಿಮೆ ಪವರ್‌ನಲ್ಲಿ ಚಾರ್ಜ್ ಆಗಲಿಲ್ಲ ಅನ್ನೋ ನೆಪ ನಡೆಯಲ್ಲ. ಹೊಡೆಯದೆ ಬಿಟ್ಟರೆ ಅದು ಟ್ರಿಗರ್‌ದೇ ತಪ್ಪು.

*ನನ್ನದು 1500ಡಿ. ಗೊತ್ತಿಲ್ಲದೆ ಸಿಂಗಲ್ ಪಿನ್ ಟ್ರಿಗರ್ ತಗೊಂಡುಬಿಟ್ಟಿದ್ದೀನಿ. ಈಗ ದುಡ್ಡಿಲ್ಲ.*

ಟ್ರಿಗರ್ ಪಕ್ಕಕ್ಕಿಡಪ್ಪ. ನಿನ್ನ ಫ್ಲ್ಯಾಶ್‌ನಲ್ಲಿ, ಇನ್ನೊಂದು ಫ್ಲ್ಯಾಶ್‌ನ ಬೆಳಕು ಕಂಡು ತಾನೂ ಹೊಡೆಯೋಕೆ ಎಸ್1, ಎಸ್2 ಅಂತ ಇದೆಯಾ? ಇದೆ ಅಲ್ವಾ. ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಶ್ ಎತ್ತು, ಅದರ ಫ್ಲ್ಯಾಶ್ ಕಾಂಪನ್ಸೇಶನ್ ಮೈನಸ್ 2ಕ್ಕೆ ಇಳಿಸು. ದೊಡ್ಡ ಫ್ಲ್ಯಾಶ್ ಎಸ್2ರಲ್ಲಿ ಇಡು. ಪಾಪ್-ಅಪ್ ಮೊದಲು ಒಂದು ಅಳತೆಯ ಮಿನುಗು ಹೊಡೆಯುತ್ತೆ, ಎಸ್1 ಇಟ್ಟರೆ ಅದಕ್ಕೇ ಮೋಸಹೋಗಿ ಮುಂಚೆಯೇ ಹೊಡೆದುಬಿಡುತ್ತೆ. ಎಸ್2 ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತೆ. ಶಟರ್ 1/200 ಮೀರಬೇಡ. ಪಾಪ್-ಅಪ್ ಬೆಳಕು ಮುಖಕ್ಕೆ ಬೀಳದ ಹಾಗೆ ಅದರ ಮುಂದೆ ಒಂದು ಬಿಳಿ ವಿಸಿಟಿಂಗ್ ಕಾರ್ಡ್ ಓರೆಯಾಗಿ ಹಿಡಿ, ಫ್ಲ್ಯಾಶ್ ಇರುವ ಕಡೆಗೆ ತಿರುಗಿಸಿ. ಮನೆಯೊಳಗೆ, ಸ್ಟುಡಿಯೊದಲ್ಲಿ ಚೆನ್ನಾಗಿ ನಡೆಯುತ್ತೆ. ಮದುವೆಗೆ ಮಾತ್ರ ತಗೊಂಡು ಹೋಗಬೇಡ, ಅಲ್ಲಿ ಯಾರ ಫ್ಲ್ಯಾಶ್ ಹೊಡೆದರೂ ನಿನ್ನದೂ ಹೊಡೆಯುತ್ತೆ.